ಹಗೇವಿನ ಚಪ್ಪಡಿ ಸರಿಸಿದ ದಿನ

ನಾಗರದಿಬ್ಬದ ಪೂಜ್ಯ ತೋಂಟಪ್ಪಜ್ಜನವರ ಮಠವೆಂದರೆ ಮಣ್ಣಿನ ಮಾಳಿಗೆಯ ಎರಡೇ ಅಂಕಣ. ಅಲ್ಲಿಯೇ ಪೂಜೆ, ಅಲ್ಲಿಯೇ ದಾಸೋಹ, ಮಳೆ ಬಂದರೆ ಊರಿನ ಆಡುಗಳಿಗೂ ಅಲ್ಲಿಯೇ ಬಿಡಾರ. ಪೂಜ್ಯರಿಗೆ ಅದರಿಂದ ಎಳ್ಳಷ್ಟೂ ಬೇಸರವಿರಲಿಲ್ಲ. ಬೇಸರವೆಲ್ಲ ಭಕ್ತರಾದ ನಮಗೆ.

ಆ ವರ್ಷ ಮಹಾನವಮಿಯ ಮುಂಚಿನ ಸಂತೆಯಲ್ಲಿ ಬಾಂಬು ಸಿಡಿಯಿತು. ಬಳೆ ಅಂಗಡಿಯ ಮುಂದೆ ನಿಂತಿದ್ದ ಈರಸಂಗಪ್ಪನ ಪುಟ್ಟ ಮಗಳು ಕಸ್ತೂರಿ ತೀರಿಕೊಂಡಳು. ಇಟ್ಟವನು ಹಳ್ಳದಾಚೆಯ ವಸ್ತಿಯವನೆಂದು ತಿಳಿಯಿತು. ಅಷ್ಟರಲ್ಲಿ ಅವನು ಪರಾರಿಯಾಗಿದ್ದ. ಊರಿಗೆ ಜೀವಭಯ ಹಿಡಿಯಿತು. ದಾರಿಯಲ್ಲಿ ಬಿದ್ದ ಚೀಲ ಕಂಡರೂ ಜನ ಓಡುತ್ತಿದ್ದರು. ಆ ಹೆದರಿಕೆಯೇ ಸಿಟ್ಟಾಗಿ, ಇಡೀ ವಸ್ತಿಯನ್ನು ಸುಟ್ಟುಬಿಡುವ ಮಾತಿಗೆ ಹಿರಿಯರೂ ತಲೆಯಾಡಿಸಿದರು.

ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ಬೆಳಿಗ್ಗೆ ಈರಸಂಗಪ್ಪ ಹತ್ತಾರು ಗಂಡಸರೊಡನೆ ಕೊಡಲಿ, ಕುಡುಗೋಲುಗಳನ್ನು ತಂದು ಪೂಜ್ಯರ ಮುಂದಿಟ್ಟ. "ಅಜ್ಜಾರ, ಇವಕ್ಕ ವಿಭೂತಿ ಹಚ್ಚಿ ಕೊಡ್ರಿ. ವಸ್ತಿಗೆ ಹೊಂಟೇವಿ."

ಪೂಜ್ಯರು ಬೇಡವೆನ್ನಲಿಲ್ಲ. ವಿಭೂತಿ ಹಚ್ಚಿದರು, ಹೂವೇರಿಸಿ ಆರತಿ ಬೆಳಗಿದರು. ಆಮೇಲೆ ಜೋಳಿಗೆ ಹೆಗಲಿಗೇರಿಸಿ ಎದ್ದರು. ಪೂಜೆಗಿಟ್ಟ ಆಯುಧವನ್ನು ಪೂಜ್ಯರು ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ಅದು ಮಠದ ಕಟ್ಟಳೆ. ಆಶೀರ್ವಾದದ ಆಸೆಯಲ್ಲಿ ಗಂಡಸರಿಗೆ ಇದು ಹೊಳೆದೇ ಇರಲಿಲ್ಲ!

"ಕದಲಸ್ರಿ ಅಜ್ಜಾರ," ಎಂದು ಈರಸಂಗಪ್ಪ ಹಲ್ಲು ಕಡಿದ.

"ಬಂದು ಕದಲಸ್ತೀನಿ. ಆ ವಸ್ತಿಗೇ ಭಿಕ್ಷಾಕ್ಕ ಹೊಂಟೀನಿ. ನೀನೂ ಬಾ."

"ಬಾಂಬ್ ಇಟ್ಟಾವನ್ನ ಸುಮ್ಮನ ಬಿಡೂದೇನ್ರಿ?"

"ಬಿಡಬ್ಯಾಡ. ಹಿಡಿದು ಪೊಲೀಸರಿಗೆ ಕೊಡು. ನಾನೂ ಹುಡಕ್ತೀನಿ."

ಬರಿಗೈಯಲ್ಲಿ ಹಳ್ಳ ದಾಟುವಾಗ ಈರಸಂಗಪ್ಪ ಸುತ್ತಲೂ ಕಣ್ಣಾಡಿಸುತ್ತ ಹೆಜ್ಜೆ ಇಡುತ್ತಿದ್ದ. ಯಾವ ಗೋಡೆಯ ಹಿಂದೆ ಯಾರಿದ್ದಾರೋ, ಯಾವ ಕಲ್ಲಿನ ಕೆಳಗೆ ಏನಿದೆಯೋ! ಪೂಜ್ಯರಿಗೂ ಹೆದರಿಕೆಯಿತ್ತು. ಅದನ್ನು ಮುಚ್ಚಿಡುವ ಸ್ವಭಾವ ಅವರದಲ್ಲ. "ನನಗೂ ಅಂಜಿಕಿ ಬರತೈತಿ," ಎಂದರು. ನಡಿಗೆ ಮಾತ್ರ ನಿಲ್ಲಿಸಲಿಲ್ಲ.

ವಸ್ತಿಯಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ಒಲೆಗಳಲ್ಲಿ ಕೆಂಡವಿತ್ತು, ಹಂಚಿನ ಮೇಲೆ ರೊಟ್ಟಿ ಹಾಗೇ ಸುಟ್ಟು ಕರಕಾಗಿತ್ತು. ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಚಪ್ಪಡಿಯ ಸಂದಿಯಿಂದ ಸಣ್ಣಗೆ ಕೆಮ್ಮು ಕೇಳಿಸಿತು. ಬಾಂಬು ಇಟ್ಟವನೇ ಅಡಗಿದ್ದಾನೆಂದುಕೊಂಡು ಈರಸಂಗಪ್ಪ ಚಪ್ಪಡಿಯನ್ನು ಎಳೆದು ಸರಿಸಿದ.

ಒಳಗೆ ಹೆಂಗಸರು, ಮುದುಕರು, ಕೂಸುಗಳು ಒಬ್ಬರ ಮೇಲೊಬ್ಬರು ಮುದುಡಿ ಕುಳಿತಿದ್ದರು. ಇನ್ನಷ್ಟು ಹೊತ್ತಾಗಿದ್ದರೆ ಉಸಿರು ಕಟ್ಟಿಯೇ ಸಾಯುತ್ತಿದ್ದರು. ಒಬ್ಬ ತಾಯಿ ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಮೇಲೆ ನಿಂತವನನ್ನು ಕಂಡು, "ಯಪ್ಪಾ, ನನ್ನ ಕೊಲ್ಲು, ಇಕಿನ್ನ ಬಿಟ್ಟಬಿಡು," ಎಂದಳು.

ಪೂಜ್ಯರು ಈರಸಂಗಪ್ಪನನ್ನು ಕೇಳಿದರು: "ಬಾಂಬ್ ಇಟ್ಟಾಂವ ಇವರೊಳಗ ಯಾರು? ತೋರಸು."

ಈರಸಂಗಪ್ಪ ಆ ತಾಯಿಯ ಮಗುವನ್ನು ಮೇಲೆತ್ತಲು ಕೈ ಚಾಚಿದ. ಅದು ಚೀರಿ ತಾಯಿಯ ಎದೆಗೆ ಅವುಚಿಕೊಂಡಿತು. ಕಸ್ತೂರಿಯ ವಯಸ್ಸಿನದೇ. ತನ್ನನ್ನು ಕಂಡು ಒಂದು ಕೂಸು ಇಷ್ಟು ಹೆದರಬಹುದೆಂದು ಅವನು ಎಂದೂ ಎಣಿಸಿರಲಿಲ್ಲ. ಅಲ್ಲೇ ಕುಸಿದು, ಮಗಳು ಸತ್ತ ಮೇಲೆ ಮೊದಲ ಸಲ ಅತ್ತ. "ಅಜ್ಜಾರ, ನಾ ಏನಾಗಿ ಬಂದೀನಿ ಇಲ್ಲಿ?"

 ಪೂಜ್ಯರು ಮಗುವನ್ನು ತಾವೇ ಎತ್ತಿ ಅವನ ತೊಡೆಯ ಮೇಲೆ ಕೂಡಿಸಿದರು.

ಅಷ್ಟರಲ್ಲಿ ಊರ ಗಂಡಸರು ಹಳ್ಳ ದಾಟಿ ಬಂದರು. ಆಯುಧಕ್ಕೆ ಕಟ್ಟಳೆಯಿದ್ದರೆ ಕೊಳ್ಳಿಗೇನು ಕಟ್ಟಳೆ? ಎಲ್ಲರ ಕೈಯಲ್ಲೂ ಕೊಳ್ಳಿ ಉರಿಯುತ್ತಿತ್ತು. ಕೂಸು ನಡುಗುತ್ತ ಈರಸಂಗಪ್ಪನ ಕೊರಳನ್ನೇ ಬಿಗಿಯಾಗಿ ತಬ್ಬಿಕೊಂಡಿತು.

ಅವನು ಅದನ್ನು ಎತ್ತಿಕೊಂಡು ಹಗೇವಿಗೆ ಅಡ್ಡವಾಗಿ ನಿಂತ.

"ಹಿಂದಕ್ಕ ಹೋಗ್ರಿ," ಎಂದ. "ಇಕಿ ನನ್ನ ಮಗಳು."