ಹಾಲೇಶನೂ ಅಪ್ಪನ ಬೈರಿಗೆ ಮಿಷನ್ನೂ

ಕೊಟ್ರಪ್ಪ ಮಗನಿಗೆ ಕೆಲಸ ಕಲಿಸದೆ ಸತ್ತ. ಅವನು ಮಾಡಿದ ತಪ್ಪು ಇದು. ನಲವತ್ತು ವರ್ಷ ಹರಿಹರದ ತನ್ನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಶ್ಯಾವಿಗೆ ಒರಳಿನ, ಎಳೆ ಇಳಿಯುವ ಹಿತ್ತಾಳೆ ಬಿಲ್ಲೆಗಳನ್ನು ಕೊರೆದ. ಆಳೆತ್ತರದ ಬೈರಿಗೆ ಮಿಷನ್ನು. ಹಿಡಿಕೆ ಎಳೆದರೆ ಕೊರೆಯುವ ಕಡ್ಡಿ ತಿರುಗುತ್ತ ಇಳಿಯುತ್ತಿತ್ತು. ಮಗ ಹಾಲೇಶ ಹತ್ತಿರ ಬಂದರೆ, ಪೆದ್ದ, ಕೆಡಿಸಿಬಿಡ್ತೀಯ, ಆಚೆ ಹೋಗು ಎನ್ನುತ್ತಿದ್ದ. ಮಗನಿಗೆ ಮೂವತ್ತು ತುಂಬಿತು, ಅಪ್ಪ ಹೋದ, ಮಿಷನ್ನು ಮೂರು ವರ್ಷ ತುಕ್ಕು ತಿಂದಿತು.

ಈ ಬೇಸಿಗೆಗೆ ಅವ್ವ ತಿಪ್ಪಕ್ಕ ಓಣಿಯ ಹೆಂಗಸರಿಗೆ ಮಾತು ಕೊಟ್ಟಳು: ಹಿತ್ತಾಳೆ ತಂದುಕೊಡಿ, ಶುಕ್ರವಾರ ಹೊಸ ಬಿಲ್ಲೆ ಒಯ್ಯಿರಿ. ಆಗಲಿಲ್ಲವೋ, ಅವರೆಲ್ಲ ಪೇಟೆ ಅಂಗಡಿಗೆ ಹೋಗುತ್ತಾರೆ, ಮಿಷನ್ನು ಗುಜರಿಗೆ ಹೋಗುತ್ತದೆ, ಮನೆಯ ಕಸುಬು ಮುಗಿಯುತ್ತದೆ. ಹಿಡಿಕೆ ಎಳೆಯುವ ವಯಸ್ಸು ಅವಳದಲ್ಲ. ಮಗನೇ ಮಾಡಬೇಕು.

ಸೋಮವಾರ ಅವ್ವ ಹೇಳಿದಳು, ತುಕ್ಕು ತಿಕ್ಕು, ಬೆಳ್ಳಗೆ ಆಗುವ ತನಕ ಬಿಡಬೇಡ. ಹಾಲೇಶ ಬಿಡಲಿಲ್ಲ. ಎಷ್ಟು ಆಳ ಕೊರೆಯಬೇಕೆಂದು ತೋರಿಸುವ ಅಳತೆಪಟ್ಟಿಯನ್ನೂ ತಿಕ್ಕಿದ. ಗೆರೆಯೆಲ್ಲ ಹೋಗಿ ಪಟ್ಟಿ ಕನ್ನಡಿಯಂತಾಯಿತು.

ಅವ್ವ ಹಣೆ ಚಚ್ಚಿಕೊಂಡಳು. "ಗೆರೆ ಇರೋದನ್ನ ಮುಟ್ಟಬಾರದು ಕಣೋ."

"ಇನ್ನು ಮುಟ್ಟಲ್ಲ ಅವ್ವಾ."

ಮಂಗಳವಾರ ಬೋಲ್ಟು ಬಿಚ್ಚು ಅಂದಳು. ಸಂಜೆ ಬಂದು ನೋಡಿದರೆ ಹಾಲೇಶ ಸ್ಪ್ಯಾನರ್ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಬೋಲ್ಟಿಗೆ ಸುತ್ತ ಗೆರೆ ಇತ್ತಂತೆ. ಅವ್ವ ಬೈದಳು. ಅಯ್ಯೋ ಪೆದ್ದಾ, ತಿರುಗಿಸಿದರೆ ಬರೋದನ್ನೆಲ್ಲ ಬಿಚ್ಚಿ ಸೀಮೆಎಣ್ಣೆ ಡಬ್ಬಿಗೆ ಹಾಕಬೇಕು ಅಂದಳು.

ಬುಧವಾರ ಹಾಲೇಶ ತಿರುಗಿಸಿದರೆ ಬರುವುದನ್ನೆಲ್ಲ ಬಿಚ್ಚಿದ. ಬೋಲ್ಟು ಬಂತು, ಹಿಡಿಕೆ ಬಂತು. ಶೆಡ್ಡಿನ ಬಲ್ಬು ಬಂತು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಂತು. ತೊಟ್ಟಿಯ ನಲ್ಲಿಯೂ ಬಂತು, ಅದರ ಹಿಂದೆ ನೀರೂ ಬಂತು. ಎಲ್ಲ ಒಂದೇ ಡಬ್ಬಿಗೆ, ನೀರೊಂದು ಬಿಟ್ಟು.

ಪಕ್ಕದ ಮನೆಯ ದಾವಲ್ ಸಾಬ್, ಕಾರ್ಖಾನೆಯಿಂದ ರಿಟೈರ್ ಆದ ಮೇಸ್ತ್ರಿ, ನೀರು ತನ್ನ ಹೊಸಿಲಿಗೆ ಬಂದಾಗ ಎದ್ದು ಬಂದ. ತಾನೇ ಕೂತು ಮಿಷನ್ನು ಜೋಡಿಸಿದ. ಹಾಲೇಶನಿಗೆ ತೋರಿಸಿದನೇ? ಇಲ್ಲ. ಹೋಗುವಾಗ ಒಂದು ಮಾತು ಎಸೆದು ಹೋದ: ಬೆಳಿಗ್ಗೆ ತಿರುಗೋದಕ್ಕೆಲ್ಲ ಎಣ್ಣೆ ಕುಡಿಸು.

ಗುರುವಾರ ಹಾಲೇಶ ಬೇರಿಂಗಿಗೆ ಎಣ್ಣೆ ಕುಡಿಸಿದ. ಫ್ಯಾನಿಗೆ ಕುಡಿಸಿದ. ಬೆಲ್ಟೂ ತಿರುಗುತ್ತದಲ್ಲ, ಅದಕ್ಕೆ ಹೊಟ್ಟೆ ತುಂಬ ಕುಡಿಸಿದ. ಮೇಸ್ತ್ರಿ ಬಂದು ಸ್ವಿಚ್ಚು ಹಾಕಿದರೆ ಫ್ಯಾನು ಅವನ ಬಿಳಿ ಅಂಗಿಗೆ ಎಣ್ಣೆ ಚಿಮ್ಮಿಸಿತು; ಮೋಟರು ಗುರ್ ಅಂತು, ಬೆಲ್ಟು ಜಾರಿತು, ಕಡ್ಡಿ ಅಲ್ಲಾಡಲಿಲ್ಲ. ಬೆಲ್ಟನ್ನು ಸೋಪು ಹಾಕಿ ತೊಳೆದು ಒಣಗಿಸುವುದರಲ್ಲಿ ಹಗಲು ಮುಗಿಯಿತು. ಆದರೂ ಸಂಜೆಗೆ ಮಿಷನ್ನು ತಿರುಗಿತು. ಹಾಲೇಶ ಖುಷಿಯಲ್ಲಿ ಓಣಿಗೆ ಓಡಿ, ನಾಳೆ ಎಲ್ಲರ ಮನೆಗೂ ತೂತು ಎಂದು ಸಾರಿದ. ಹೆಂಗಸರ ಮುಖ ಸಪ್ಪಗಾಯಿತು.

ಅವ್ವ ಒಳಗೆ ಎಳೆದುಕೊಂಡಳು. "ಉಣ್ಣೋ ಸಾಮಾನಿಗೆ ತೂತು ಅಂತಾರೇನೋ? ಕಣ್ಣು ಅನ್ನಬೇಕು. ಜರಡಿಗೆ ಕಣ್ಣು, ಬಿಲ್ಲೆಗೆ ಕಣ್ಣು. ನಾವು ತೂತು ಕೊರೆಯಲ್ಲ, ಕಣ್ಣಿಡ್ತೀವಿ."

"ಕಣ್ಣಿಡ್ತೀವಿ," ಅಂದ ಹಾಲೇಶ. ಮಲಗುವ ತನಕ ಬಾಯಿಪಾಠ ಮಾಡಿದ.

ಶುಕ್ರವಾರ ಹೆಂಗಸರು ಬಾಗಿಲಿಗೆ ಬಂದರು. ಪೂಜೆ ಮಾಡಿಯೇ ಶುರು ಮಾಡೋಣವೆಂದು ಅವ್ವ ಹೂವು ತರಲು ಹೊರಟಳು.

"ಹಾಲೇಶ, ಮಿಷನ್ ಮೇಲೆ ಕಣ್ಣಿಡು."

"ಎಷ್ಟು ಇಡಲಿ ಅವ್ವಾ?"

"ಎಷ್ಟೇನೋ? ನಾನು ಬರೋ ತನಕ ಇಡ್ತಾನೇ ಇರು."

ಹೂವಿನವಳು ತಡಮಾಡಿದಳು. ಅವ್ವ ತಿರುಗಿ ಬಂದಾಗ ಬಿಲ್ಲೆ ಇಟ್ಟು ಕೊರೆಯುವ, ಮಿಷನ್ನಿನ ಬೀಡುಕಬ್ಬಿಣದ ಮೇಜು ಜರಡಿಯಾಗಿತ್ತು. ಇದ್ದ ಒಂದೇ ಕಡ್ಡಿ ಮುರಿದು ಕಾಲಡಿ ಬಿದ್ದಿತ್ತು. ಹಾಲೇಶ ಬೆವರು ಒರೆಸಿಕೊಂಡ.

"ಅರವತ್ತೆರಡು ಇಟ್ಟೆ ಅವ್ವಾ. ನೀನು ಬರಲೇ ಇಲ್ಲ."

ಅವ್ವ ಹೂವು ಹಿಡಿದುಕೊಂಡು ಹಾಗೇ ಕೂತಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕು, ತಮ್ಮ ತಮ್ಮ ಹಿತ್ತಾಳೆ ಎತ್ತಿಕೊಂಡು ಪೇಟೆ ಕಡೆ ನಡೆದರು. ಸದ್ದು ಕೇಳಿ ಬಂದಿದ್ದ ದಾವಲ್ ಸಾಬ್ ಮಾತ್ರ ಬಗ್ಗಿ ಮೇಜಿನ ಮೇಲೆ ಬೆರಳಾಡಿಸಿದ. ಬಹಳ ಹೊತ್ತು ಆಡಿಸಿದ.

"ಒಂದು ಕಣ್ಣೂ ಓರೆ ಇಲ್ಲವಲ್ಲ, ತಿಪ್ಪಕ್ಕ."

ಕತೆ ಕೇಳಿ ನಕ್ಕಿರಾ? ಸರಿ, ನಕ್ಕಾಯಿತು. ಹಿತ್ತಾಳೆ ಎತ್ತಿಕೊಂಡು ಹೋದವರೇ, ನಿಮಗೇ ಹೇಳುತ್ತಿದ್ದೇನೆ, ಇವತ್ತೇ ತಿರುಗಿ ತನ್ನಿ. ಮೇಸ್ತ್ರೀ, ಹೊಸ ಕಡ್ಡಿ ಹಾಕು, ಬಾಯಿ ಮುಚ್ಚು, ಒಂದು ಬಿಲ್ಲೆ ಅವನ ಎದುರಿಗೆ ಕೊರೆ. ಎರಡನೆಯದಕ್ಕೆ ಹಿಡಿಕೆಯನ್ನು ಹಾಲೇಶನ ಕೈಗೆ ಕೊಡು.