ಒಂದಕ್ಷರದ ಕಾವಲು

ಶಿಷ್ಯನು ಕೇಳಿದನು: "ಗುರುಗಳೇ, ತಮ್ಮ ಪಾಲಿಗೆ ಬಾರದ ನ್ಯಾಯಕ್ಕಾಗಿ ಒಬ್ಬರು ಆಯುಷ್ಯವನ್ನೇ ಸವೆಸಿದರೆ, ಆ ಆಯುಷ್ಯ ವ್ಯರ್ಥವಲ್ಲವೇ?"

ಗುರುಗಳು ಹೇಳಿದರು:

ಗಡಿಯ ಕೋಟೆಯೊಂದರಲ್ಲಿ ಒಬ್ಬ ಯೋಧೆಯಿದ್ದಳು. ಹುಟ್ಟಿದಾಗ ಮನೆಯವರು ಗಂಡುಮಗುವೆಂದಿದ್ದರು. ಗಂಡುಹೆಸರಿನಲ್ಲೇ ಸೇನೆ ಸೇರಿದಳು. ತಾನು ಹೆಣ್ಣೆಂಬುದನ್ನು ಆಕೆಯೊಬ್ಬಳೇ ಬಲ್ಲಳು.

ಆ ಕೋಟೆಯಲ್ಲಿ ಒಂದು ಕಟ್ಟಳೆಯಿತ್ತು. ಕಾವಲು ಬದಲಾಗುವಾಗ ಬುರುಜಿನ ಮೇಲಿನವನು "ಯಾರು?" ಎಂದು ಕೂಗಬೇಕು. ಮೆಟ್ಟಿಲ ಕೆಳಗೆ ಬಂದು ನಿಂತವನು "ಕಾವಲಿನವನು" ಎಂದು ಉತ್ತರಿಸಬೇಕು. ಆಮೇಲೆಯೇ ಮೇಲೆ ಹತ್ತಬಹುದು. ಯೋಧೆಯೂ ದಿನವೂ ಹಾಗೆಯೇ ಉತ್ತರಿಸಿದಳು. ದಿನವೂ ಆ ಮಾತಿನ ಕೊನೆಯ ಅಕ್ಷರ ಆಕೆಯ ಬಾಯಲ್ಲಿ ಸುಳ್ಳಾಯಿತು.

ಒಮ್ಮೆ ಶತ್ರುಗಳು ಕೋಟೆಯ ಬಾಗಿಲಿಗೆ ಬೆಂಕಿಯಿಟ್ಟರು. ಒಳಗಿನಿಂದ ಯೋಧೆ ಉರಿಯುವ ಹಲಗೆಗಳಿಗೆ ಹೆಗಲು ಕೊಟ್ಟು ನಿಂತಳು. ನೀರು ಬರುವವರೆಗೂ ಕದಲಲಿಲ್ಲ. ಕೋಟೆ ಉಳಿಯಿತು. ರಾಜನೇ ಬಂದು ಆಕೆಯ ಕೈಗೆ ವೀರಕಡಗ ತೊಡಿಸಿ, "ಬೇಕಾದ್ದನ್ನು ಕೇಳು" ಎಂದನು.

"ಪ್ರಭು, ನಾನು ಹೆಣ್ಣು. ನಾಳೆಯಿಂದ 'ಕಾವಲಿನವಳು' ಎಂದು ಉತ್ತರಿಸಲು ಅಪ್ಪಣೆ ಬೇಕು."

ಪಕ್ಕದಲ್ಲಿದ್ದ ಕೋಟೆಯ ದಳಪತಿ ನಕ್ಕನು. "ಊರು ಕೊಡುವ ರಾಜನ ಮುಂದೆ ನಿಂತು ಒಂದಕ್ಷರ ಬೇಡುತ್ತೀಯಲ್ಲ! ಅಂಥ ಮಾತು ಹೇಳಿ ಈ ಮೆಟ್ಟಿಲನ್ನು ಯಾರೂ ಹತ್ತಿದ್ದಿಲ್ಲ."

ರಾಜನು ನಗಲಿಲ್ಲ. "ನೀನು ಬಾಗಿಲು ಉಳಿಸಿದವಳು. ನಿನಗೊಬ್ಬಳಿಗೆ ಅಪ್ಪಣೆಯಿದೆ. ಬೇರೆ ಯಾರಾದರೂ ಹಾಗೆಂದರೆ ಅವರು ಕೋಟೆಯಿಂದ ಹೊರಗೆ."

ಯೋಧೆ ಸಾಲಿನಲ್ಲಿ ನಿಂತ ಸೈನಿಕರನ್ನು ನೋಡಿದಳು. ಒಂದು ಮುಖ ಮಾತ್ರ ತಗ್ಗಿತ್ತು. ಆ ಸಂಕಟ ಯಾವುದೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಕಡಗವನ್ನು ಕಳಚಿ ರಾಜನ ಮುಂದಿಟ್ಟಳು. "ಹಾಗಾದರೆ ನಾನೂ ಹೊರಗೆ" ಎಂದು ನಡೆದಳು.

ಮರುದಿನ ಬುರುಜಿನಿಂದ "ಯಾರು?" ಎಂಬ ಕೂಗು ಎದ್ದಿತು. ಒಳಗಿನಿಂದ "ಕಾವಲಿನವನು" ಎಂಬ ಉತ್ತರ ಬಂದಿತು. ಅದರ ಬೆನ್ನಿಗೇ ಗೋಡೆಯ ಹೊರಗಿನಿಂದ "ಕಾವಲಿನವಳು" ಎಂದು ಇನ್ನೊಂದು ದನಿ ಕೇಳಿಸಿತು.

ಅಂದಿನಿಂದ ಆಕೆ ಒಂದು ಕಾವಲನ್ನೂ ತಪ್ಪಿಸಲಿಲ್ಲ. ಅದೇ ಮಾತು ಹೇಳಿ ಕೋಟೆಯಿಂದ ಹೊರದೂಡಿಸಿಕೊಂಡು ಬಂದವರಿಗೆ ಗೋಡೆಯ ಬುಡದಲ್ಲೇ ಅನ್ನವಿಟ್ಟಳು. ಅವರಿಗಾಗಿ ರಾಜಸಭೆಗೆ ಹೋಗಿ ವಾದಿಸಿದಳು; ಹೊರಗಟ್ಟಿದರೆ ಮತ್ತೆ ಹೋದಳು. ಕೂದಲು ನರೆಯಿತು. ದನಿ ಮಾತ್ರ ಕುಗ್ಗಲಿಲ್ಲ. ಅದು ಕೇಳಿಸಿದಾಗ ಬುರುಜಿನವರು ತಮಗರಿವಿಲ್ಲದೆಯೇ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

ಒಬ್ಬ ಕಾವಲಿನವನು ಮೇಲಿನಿಂದ ಅಣಕಿಸಿದನು: "ಅಜ್ಜೀ, ಗಂಟಲು ಯಾಕೆ ಹರಿದುಕೊಳ್ಳುತ್ತೀ? ಕೋಟೆಯೇನು ಎದ್ದು ಓಡಿಹೋಗುತ್ತದೆಯೇ?"

"ನೀನು ತೂಕಡಿಸಿದರೆ ಹೋದೀತು, ತಮ್ಮಾ."

ಅಣಕಿಸಲು ಬಂದ ಬಾಯಲ್ಲಿ 'ಅಜ್ಜಿ' ಎಂಬ ಮಾತು ಬಂದಿತ್ತು. ಅವನು ಗಮನಿಸಲಿಲ್ಲ. ಆಕೆ ಗಮನಿಸಿದಳು.

ಒಂದು ಮುಂಜಾನೆ "ಯಾರು?" ಎಂಬ ಕೂಗಿಗೆ ಮೆಟ್ಟಿಲ ಕೆಳಗಿನಿಂದಲೇ, ಕೋಟೆಯ ಒಳಗಿನಿಂದಲೇ, ಎಳೆಯ ದನಿಯೊಂದರಲ್ಲಿ "ಕಾವಲಿನವಳು" ಎಂಬ ಉತ್ತರ ಬಂದಿತು. ಬುರುಜಿನವನು "ಹತ್ತಿ ಬಾ" ಎಂದನು.

ದಳಪತಿ ಓಡಿಬಂದು ಅವನನ್ನು ಗದರಿಸಿದನು. ಅವನಿಗೆ ತನ್ನ ತಪ್ಪೇನೆಂದೇ ತಿಳಿಯಲಿಲ್ಲ. "ಒಡೆಯಾ, ನಾನು ಸೇನೆಗೆ ಬಂದಾಗಿನಿಂದ ಪ್ರತಿ ಕಾವಲಿಗೂ ಎರಡು ಉತ್ತರ ಕೇಳಿದ್ದೇನೆ. ಎರಡೂ ನಮ್ಮ ಕಟ್ಟಳೆಯೇ ಅಲ್ಲವೇ?" ಅವನ ಹಿಂದೆ ನಿಂತವರೂ ಹಾಗೆಯೇ ತಿಳಿದಿದ್ದರು.

ದಳಪತಿ ಅದನ್ನು ಕೇಳಿ ತಾನೇ ಹೊರಗೆ ಹೋಗಿ ಆ ಮುದುಕಿಗೆ ಕೈಮುಗಿದು ಒಳಗೆ ಕರೆದನು. ಆದರೆ ಮೆಟ್ಟಿಲು ಹತ್ತುವ ಶಕ್ತಿ ಆಕೆಯ ಕಾಲುಗಳಲ್ಲಿ ಉಳಿದಿರಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನು ಮರುಗಿ ಹೇಳಿದನು: "ಕೊನೆಗೂ ಆಕೆ ಮತ್ತೆ ಕಾವಲು ಕಾಯಲಿಲ್ಲವಲ್ಲ, ಗುರುಗಳೇ."

"ಅಷ್ಟು ವರ್ಷ ಗೋಡೆಯ ಹೊರಗೆ ನಿಂತು ಆಕೆ ಕಾದದ್ದು ಯಾರನ್ನು?" ಎಂದರು ಗುರುಗಳು.