ಕೈಗುಣದ ಕಾಳು

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ, ಕಿವಿ ಇತ್ತ ಕೊಡಿ. ಇರುವೆಗಳಿಗೂ ದನಕರು ಉಂಟು, ಗೊತ್ತಾ? ಎಲೆಯಡಿ ಗುಂಪಾಗಿ ಕೂತಿರುತ್ತಲ್ಲ ಪುಟಾಣಿ ಗಿಡಹೇನು, ಅದೇ ಅವುಗಳ ಹಸು. ಬೆನ್ನು ಸವರಿದರೆ ಜೇನಿನಂಥ ಹನಿ ಕೊಡುತ್ತೆ.

ಕೆರೆ ಏರಿಯ ಎಕ್ಕದ ಗಿಡದ ಕೆಳಗೆ ವರ್ಷಕ್ಕೊಮ್ಮೆ ಆ ಹಸುಗಳ ಸಂತೆ. ಅಲ್ಲಿಗೆ ಮೊದಲ ಸಲ ಬಂದಳು ಪುಟ್ಟವ್ವ ಅನ್ನೋ ಇರುವೆ. ಮನೆಯಲ್ಲಿ ಹನ್ನೊಂದು ಮರಿ, ಚೆಲುವಿ ಅಂತ ಒಂದೇ ಹಸು. ಮಳೆ ಹಿಡಿಯುವ ಮೊದಲು ಇನ್ನೊಂದು ಬರದಿದ್ದರೆ ಮರಿಗಳಿಗೆ ಉಪವಾಸವೇ. ಆದರೆ ಯಾರನ್ನೂ ನಂಬದ ಜೀವ ಅವಳದು. ತನ್ನ ನೆರಳು ಹಿಂದೆ ಬಂದರೂ "ಯಾಕೆ ಬಂದೆ?" ಅನ್ನೋಳು.

ಹಸು ಮಾರೋಕೆ ಬಂದಿದ್ದ ಕರಿ ಇರುವೆ ಗೊದ್ದಣ್ಣನ ಹಸುವಿನ ಕಾಲುಗಳನ್ನು ಎರಡೆರಡು ಸಲ ಎಣಿಸಿದಳು. ಆರು ರಾಗಿಕಾಳಿಗೆ ಮಾತಾಯಿತು. ದಲ್ಲಾಳಿ ಸಗಣಿಹುಳ ದುಂಡಪ್ಪ ಇಬ್ಬರ ಕೈ ಹಿಡಿದು ತಟ್ಟಿಸಿದ. ಗೊದ್ದಣ್ಣ ಆರು ಕಾಳು ತಗೊಂಡು ಒಂದನ್ನು ವಾಪಸು ಕೊಟ್ಟ.

"ಇದ್ಯಾಕೆ?"

"ಕೈಗುಣದ ಕಾಳು ಕಣವ್ವ. ಹಸು ಜೊತೆ ಅದೃಷ್ಟಾನೂ ಬರ್ಲಿ ಅಂತ. ಅಜ್ಜನ ಕಾಲದ ಪದ್ಧತಿ."

"ಬಾಯಿಗೆ ಬಂದ ಕಾಳನ್ನ ಯಾರಾದ್ರೂ ಉಗುಳ್ತಾರಾ? ಹಸೂಗೆ ಏನೋ ಐಬಿದೆ!"

"ಕೈ ತಟ್ಟಿದ ಮೇಲೆ ವ್ಯಾಪಾರ ಮುರೀಬಾರದವ್ವ," ಅಂದ ದುಂಡಪ್ಪ.

"ನೀನೂ ಅವನ ಜೊತೆಗಾರನೇ! ಇಡಿ ನನ್ನ ಕಾಳು!"

ಗೊದ್ದಣ್ಣ ಮುಖ ಸಣ್ಣಗೆ ಮಾಡಿ ಕಾಳು ಹಿಂದಿರುಗಿಸಿದ. ನೆರೆಮನೆಯ ಕೆಂಚವ್ವ ಅದೇ ಹಸುವನ್ನು ಕೊಂಡಳು, ಕೈಗುಣದ ಕಾಳನ್ನು ಕಣ್ಣಿಗೊತ್ತಿಕೊಂಡಳು.

ಸಂತೆಯ ಅಂಚಿನಲ್ಲಿ ಜೇಡಯ್ಯ ನಿಂತಿದ್ದ. ಪಕ್ಕದಲ್ಲಿ ಬಿಳಿ ಅರಳೆ ಹೊದ್ದ ಕೊಬ್ಬಿದ ಹಸು.

"ಕೈ ತಟ್ಟೋದೂ ಇಲ್ಲ, ಕಾಳು ವಾಪಸೂ ಇಲ್ಲ. ಬೇಕಾದ್ರೆ ತಗೋ, ಇಲ್ದಿದ್ರೆ ದಾರಿ ಬಿಡು."

'ಬೆಣ್ಣೆ ಮಾತಿಲ್ಲ. ಇವನೇ ಸಾಚಾ!' ಅಂದುಕೊಂಡಳು ಪುಟ್ಟವ್ವ. ಕಾಲನ್ನೂ ಎಣಿಸದೆ ಆರು ಕಾಳು ಸುರಿದು, ಹಸು ಹೊಡಕೊಂಡು ಹೋದಳು.

ಅದನ್ನು ಕೊಟ್ಟಿಗೆಗೆ ಬಿಟ್ಟು ಮರಿಗಳನ್ನು ಕರೆತರುವಷ್ಟರಲ್ಲಿ ಚೆಲುವಿಯೇ ಇಲ್ಲ! ಹೊಸ ಹಸು ಬಾಯಿ ಒರೆಸಿಕೊಳ್ಳುತ್ತಿತ್ತು. ಅದು ಹಸುವಲ್ಲ ಮಕ್ಕಳೇ, ಹೇನು ತಿನ್ನೋ ಹುಳ! ಕೆಲವು ಹಸುಗಳ ಮೈಮೇಲೆ ಬಿಳಿ ಅರಳೆ ಬೆಳೆಯುತ್ತಲ್ಲ, ತಾನು ತಿಂದ ಅಂಥ ಹಸುಗಳ ಅರಳೆಯನ್ನೇ ಹೊದ್ದು ಬಂದಿತ್ತು. ಮರಿಗಳೆಲ್ಲ ಸೇರಿ ಕಚ್ಚಿದ ಮೇಲೆ ಎದ್ದುಬಿದ್ದು ಓಡಿತು.

ಜೇಡಯ್ಯನನ್ನು ಗೊದ್ದಣ್ಣನ ಬಳಗ ಸಂತೆಯಿಂದ ಅಟ್ಟಿತು. ದುಂಡಪ್ಪ ಈಗಲೂ ಕೈ ತಟ್ಟಿಸುತ್ತಾನೆ. ಕೆಂಚವ್ವನ ಹಸು ಹನಿ ಸುರಿಸುತ್ತಿದೆ. ಪುಟ್ಟವ್ವನ ಮರಿಗಳಿಗೂ ದಿನಾ ಒಂದು ಪಾಲು ಬರುತ್ತೆ. ಮೊದಮೊದಲು ಪುಟ್ಟವ್ವ ಅದನ್ನೂ ಮೂಸಿ ನೋಡುತ್ತಿದ್ದಳು. ಈಗ ತಲೆ ತಗ್ಗಿಸಿ ಇಸಕೊಳ್ಳುತ್ತಾಳೆ.

ನೀತಿ: ಒಳ್ಳೆಯವರನ್ನೆಲ್ಲ ಅನುಮಾನಿಸುವವರ ಕಣ್ಣಿಗೆ ಕೊನೆಗೆ ಕಳ್ಳನೇ ಸಾಚಾ ಆಗಿ ಕಾಣುತ್ತಾನೆ.